ಎಂಜಿನ್ ಬಿಚ್ಚಿಸೋದಾ, ಬದಲಿಸೋದಾ? ಘಟ್ಟ ಹತ್ತುವ ಲಾರಿ ಮಾಲೀಕರಿಗೊಂದು ಲೆಕ್ಕ

ಹೋದ ವರ್ಷ ನಮ್ಮ ಉತ್ತರ ಕನ್ನಡದ ಅರಬೈಲ್ ಘಟ್ಟವನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಲಾರಿ ಈಗ ಎರಡಕ್ಕೆ ಇಳಿಯುತ್ತದೆ. ಹಿಂದೆ ನೀಲಿ ಹೊಗೆ. ಯಲ್ಲಾಪುರ ಮುಟ್ಟುವಷ್ಟರಲ್ಲಿ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕೆಳಗಿನ ಗೆರೆಗೆ ಬಂದಿರುತ್ತದೆ. ಗ್ಯಾರೇಜಿಗೆ ಒಯ್ದರೆ ಮಿಸ್ತ್ರಿ ಒಂದು ಸಲ ರೇಸ್ ಮಾಡಿಸಿ ನೋಡಿ, "ಎಂಜಿನ್ ಮುಗೀತು ಅಣ್ಣಾ, ಫುಲ್ ಕೆಲಸ ಮಾಡಿಸ್ಬೇಕು" ಅನ್ನುತ್ತಾನೆ. ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ಇನ್ನೊಬ್ಬ ಮಾಲೀಕರು, "ಸುಮ್ನೆ ಬಿಚ್ಚಿಸ್ಬೇಡಿ ಮಾರಾಯ್ರೆ, ಹುಬ್ಬಳ್ಳಿಯಲ್ಲಿ ರೆಡಿ ಎಂಜಿನ್ ಸಿಗ್ತದೆ, ಕೂರಿಸಿ ಓಡಿಸಿ" ಅನ್ನುತ್ತಾರೆ. ಇಬ್ಬರೂ ಇನ್ನೂ ಏನನ್ನೂ ಅಳೆದು ನೋಡಿಲ್ಲ.

ಈ ನಿರ್ಧಾರಕ್ಕೆ ಬೇಕಾಗಿದ್ದು ಎರಡೇ ವಿಷಯ. ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮೈ) ಮತ್ತು ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡ) ಅಳತೆ ಒಂದು. ಈ ಲಾರಿಯನ್ನು ನೀವು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನೋದು ಇನ್ನೊಂದು. ಇವೆರಡು ಗೊತ್ತಾಗುವ ಮೊದಲು ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಮೊದಲು, ಹೋಗಿರುವುದು ಎಂಜಿನ್ನೇನಾ ನೋಡಿ

ಘಟ್ಟದಲ್ಲಿ ಪಿಕಪ್ ಇಲ್ಲ ಅಂದ ಮಾತ್ರಕ್ಕೆ ಪಿಸ್ಟನ್ ಸವೆದಿದೆ ಎಂದಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಹಾಗೇ ಆಗುತ್ತದೆ. ಡೀಸೆಲ್ ಫಿಲ್ಟರಿನಲ್ಲಿ ಕಸ ತುಂಬಿದ್ದರೂ ಅಷ್ಟೇ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೆ ಹಬ್ ಕೈಯಿಟ್ಟರೆ ಸುಡುತ್ತದೆ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನಲ್ಲಿ ಒಂದು ಬಿರುಕಿದ್ದರೂ ಸಾಕು, ಕಪ್ಪು ಹೊಗೆ ಬರುತ್ತದೆ, ಎಳೆತ ಹೋಗುತ್ತದೆ. ಇವನ್ನೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಖರ್ಚೂ ಕಡಿಮೆ.

ಹೊಗೆಯ ಬಣ್ಣ ಸುಳಿವು ಕೊಡುತ್ತದೆ, ಆದರೆ ತೀರ್ಪು ಕೊಡುವುದಿಲ್ಲ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಆ ಆಯಿಲ್ ಪಿಸ್ಟನ್ನಿನ ಸುತ್ತಲಿನ ರಿಂಗ್ ದಾಟಿ ಮೇಲೆ ಬಂದಿರಬಹುದು, ವಾಲ್ವ್ ಗೈಡಿನಿಂದ ಇಳಿದಿರಬಹುದು, ಟರ್ಬೊ ಸೀಲಿನಿಂದಲೂ ಬಂದಿರಬಹುದು. ಟರ್ಬೊ ಹೋಗಿದ್ದಕ್ಕೆ ಪೂರ್ತಿ ಎಂಜಿನ್ ಬಿಚ್ಚಿಸಿದವರು ನಮ್ಮ ಕಡೆ ಕಡಿಮೆಯೇನಿಲ್ಲ. ಟರ್ಬೊದ ಎರಡೂ ಕಡೆಯ ಪೈಪ್ ತೆಗೆದು ಒಳಗೆ ಬೆರಳು ಹಾಕಿ. ಆಯಿಲ್ ಕೆರೆ ಕಟ್ಟಿದೆಯಾ, ಶಾಫ್ಟ್ ಆಚೀಚೆ ಅಲ್ಲಾಡಿ ಬ್ಲೇಡು ಗೂಡಿಗೆ ತಾಗುತ್ತಿದೆಯಾ ನೋಡಿ. ಬಿಳಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ.

ಆಮೇಲೆ ಬ್ರೀದರ್, ಅಂದರೆ ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಪೈಪು. ಎಂಜಿನ್ ಬಿಸಿಯಿದ್ದಾಗ ಐಡಲಿನಲ್ಲಿ ಬಿಟ್ಟು ಬ್ರೀದರ್ ಪೈಪಿನ ಬಾಯಿಗೆ ಅಂಗೈ ಹಿಡಿಯಿರಿ. ಸಣ್ಣಗೆ ಉಸಿರು ಬಂದರೆ ಸರಿ. ಬುಸುಬುಸು ಎಂದು ಹೊಗೆ ತಳ್ಳುತ್ತಿದ್ದರೆ, ಅಂಗೈಗೆ ಆಯಿಲ್ ಹನಿ ಸಿಡಿಯುತ್ತಿದ್ದರೆ ಗ್ಯಾಸು ರಿಂಗ್ ದಾಟಿ ಕೆಳಗಿಳಿಯುತ್ತಿದೆ ಎಂದರ್ಥ. ಅಲ್ಲಿಗೆ ಎಂಜಿನ್ ಬೋರಿಗೆ ಬಂದಿದೆ (ಸಿಲಿಂಡರ್ ಸವೆದಿದೆ) ಅನ್ನುವ ಮಾತಿಗೆ ಒಂದು ಆಧಾರ ಸಿಕ್ಕಂತಾಯಿತು.

ಯಾವ ಸಿಲಿಂಡರ್, ಎಲ್ಲಿ ಲೀಕು ಎಂದು ತಿಳಿಯಲು ಗಾಳಿ ಪರೀಕ್ಷೆಯಷ್ಟು ಚೆನ್ನಾದದ್ದು ಬೇರೆ ಇಲ್ಲ. ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಾದರೆ ಮೊದಲು ಅದನ್ನೇ ಹಾಕಿಸಿ. ಅಲ್ಲಿ ಬರುವ ಅಂಕಿಗಿಂತ ಸಿಲಿಂಡರಿನಿಂದ ಸಿಲಿಂಡರಿಗೆ ಎಷ್ಟು ವ್ಯತ್ಯಾಸ ಇದೆ ಅನ್ನೋದು ಮುಖ್ಯ. ಆರರಲ್ಲಿ ಐದು ಹತ್ತಿರ ಹತ್ತಿರ ಇದ್ದು ಒಂದೇ ಕೆಳಗಿದ್ದರೆ ಅದು ಸವೆತಕ್ಕಿಂತ ಹೆಚ್ಚಾಗಿ ಆ ಒಂದರದೇ ರೋಗ. ಆಗ ಗಾಳಿ ಹಾಕಿ. ಆ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನಲ್ಲಿ ತೀರಾ ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಡೀಸೆಲ್ ಚಿಮ್ಮಿಸುವ ನಾಝಲ್ ತೆಗೆದ ತೂತಿಗೆ ಅಡಾಪ್ಟರ್ ಕೂರಿಸಿ ಕಂಪ್ರೆಸರಿನಿಂದ ಗಾಳಿ ಬಿಡುತ್ತಾರೆ. ಫ್ಲೈವೀಲನ್ನು ಮೊದಲೇ ಲಾಕ್ ಮಾಡಿರಬೇಕು. ಇಲ್ಲವಾದರೆ ಗಾಳಿ ಪಿಸ್ಟನ್ನನ್ನು ತಳ್ಳಿ ಕ್ರ್ಯಾಂಕ್ ತಿರುಗುತ್ತದೆ, ಫ್ಯಾನಿನ ಹತ್ತಿರ ಕೈಯಿದ್ದರೆ ಬೆರಳು ಹೋಗುತ್ತದೆ. ಈಗ ಸುಮ್ಮನೆ ಕಿವಿ ಕೊಡಿ. ಬ್ರೀದರಿನಲ್ಲಿ ಸುಯ್ ಎಂದರೆ ರಿಂಗ್ ಅಥವಾ ಲೈನರ್ (ಸಿಲಿಂಡರಿನೊಳಗೆ ಕೂರಿಸಿದ ಕೊಳವೆ). ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಬಂದರೆ ಇನ್ಲೆಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು, ಅಥವಾ ಹೆಡ್ಡಿನಲ್ಲೋ ಲೈನರಿನಲ್ಲೋ ಬಿರುಕು. ಸದ್ದು ಬರೀ ವಾಲ್ವಿನದ್ದಾದರೆ ಹೆಡ್ ಕೆಲಸದಲ್ಲೇ ಮುಗಿಯುತ್ತದೆ, ಈ ಲೇಖನ ನಿಮಗೆ ಇನ್ನು ಬೇಕಿಲ್ಲ.

ಕೆಳಗಿನ ಭಾಗದ ಆರೋಗ್ಯ ಆಯಿಲ್ ಪ್ರೆಷರಿನಲ್ಲಿ ಗೊತ್ತಾಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ನಂಬಬೇಡಿ. ಮೆಕ್ಯಾನಿಕಲ್ ಗೇಜ್ ಕೂರಿಸಿ, ಎಂಜಿನ್ ಪೂರ್ತಿ ಕಾದ ಮೇಲೆ ನೋಡಿ. ಎಷ್ಟಿರಬೇಕು ಎಂದು ನಿಮ್ಮ ಎಂಜಿನ್ನಿನ ಮ್ಯಾನುವಲ್ಲಿನಲ್ಲಿ ಇರುತ್ತದೆ. ಬಿಸಿ ಐಡಲಿನಲ್ಲಿ 1 ಬಾರ್ (ಒತ್ತಡದ ಅಳತೆ) ಗಿಂತ ಬಹಳ ಕೆಳಗೆ ಹೋಗುತ್ತಿದ್ದರೆ ಬೇರಿಂಗ್, ಇಲ್ಲವೇ ಆಯಿಲ್ ಪಂಪ್ ನೋಡಲೇಬೇಕು. ಹಳೇ ಆಯಿಲ್ ಫಿಲ್ಟರನ್ನು ಎಸೆಯಬೇಡಿ. ಅದರ ಡಬ್ಬಿ ಕೊಯ್ದು, ಒಳಗಿನ ಪೇಪರ್ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಡಿಕೆಗಳಲ್ಲಿ ತಾಮ್ರದ ಬಣ್ಣದ ಚೂರು ಮಿನುಗಿದರೆ ಬೇರಿಂಗಿನ ಮೇಲಿನ ಪದರ ಸವೆದು ಒಳಗಿನದ್ದು ಬಂದಿದೆ. ಅಂಥ ಗಾಡಿಗೆ ಇನ್ನೊಂದು ಟ್ರಿಪ್ ಹಾಕಬೇಡಿ. ಇವತ್ತು ಬೇರಿಂಗ್, ನಾಳೆ ಕ್ರ್ಯಾಂಕ್, ನಾಡಿದ್ದು ಬ್ಲಾಕ್.

ಯಾಕೆ ಹೋಯಿತು ಅಂತ ಕೇಳಿ

ಲಕ್ಷಾಂತರ ಕಿಲೋಮೀಟರ್ ಓಡಿ ಸವೆದಿದ್ದರೆ ಅದು ವಯಸ್ಸು. ಹಾಗಲ್ಲದೆ ಬೇಗ ಹೋಗಿದ್ದರೆ ಕಾರಣ ಹುಡುಕಲೇಬೇಕು, ಇಲ್ಲವಾದರೆ ಹೊಸ ಎಂಜಿನ್ನೂ ಅದೇ ದಾರಿ ಹಿಡಿಯುತ್ತದೆ.

ನಮ್ಮ ಕಡೆ ಮುಖ್ಯವಾಗಿ ಮೂರು ಕಾರಣ. ಒಂದು, ಕೆಂಪು ಚಿರೆಕಲ್ಲಿನ ಧೂಳು. ಕಲ್ಲಿನ ಕ್ವಾರಿಗೆ ಹೋಗಿಬರುವ ಲಾರಿಗಳಲ್ಲಿ ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸಿನ ಒಳಗೆ ಬೆರಳಾಡಿಸಿ ನೋಡಿ. ಬೆರಳು ಕೆಂಪಾದರೆ ಕಾರಣ ಸಿಕ್ಕಿತು. ಕ್ಲಿಪ್ ಸಡಿಲವಿದ್ದರೂ, ಹೋಸು ಕೆಳಭಾಗದಲ್ಲಿ ಸೀಳಿದ್ದರೂ ಆ ಧೂಳು ನೇರ ಸಿಲಿಂಡರಿಗೆ ಹೋಗಿ ರಿಂಗನ್ನೂ ಲೈನರನ್ನೂ ಉಜ್ಜಿ ಹಾಕುತ್ತದೆ. ಹೊಸ ಪಿಸ್ಟನ್ ಹಾಕಿ ಆ ಹೋಸನ್ನು ಹಾಗೇ ಬಿಟ್ಟರೆ ಹಾಕಿದ ದುಡ್ಡು ಕೆಲವೇ ತಿಂಗಳಲ್ಲಿ ಹೊಗೆಯಾಗಿ ಹೋಗುತ್ತದೆ.

ಎರಡು, ನೀರು. ಕಾಳಿ, ಗಂಗಾವಳಿ, ಅಘನಾಶಿನಿಯ ಅಳಿವೆ ಹತ್ತಿರದ ಊರುಗಳಲ್ಲಿ ಬೇಸಿಗೆಗೆ ಬಾವಿ ನೀರು ಸವುಳಾಗುತ್ತದೆ. ಆ ನೀರನ್ನೇ ರೇಡಿಯೇಟರಿಗೆ ಹೊಯ್ದರೆ ಒಳಗೆ ತುಕ್ಕು, ಉಪ್ಪಿನ ಪದರ ಕಟ್ಟುತ್ತದೆ. ಘಟ್ಟದಲ್ಲಿ ಬಿಸಿ ಏರುತ್ತದೆ. ಇದರ ಜೊತೆಗೆ "ನಮ್ಮ ಸೆಕೆಗೆ ಥರ್ಮೋಸ್ಟ್ಯಾಟ್ ಯಾಕೆ" ಎಂದು ಕಿತ್ತು ಬಿಸಾಡುವ ಚಾಳಿ ಬೇರೆ. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ. ಅರೆಬೆಂದ ಡೀಸೆಲ್ ಲೈನರಿನ ಮೇಲಿನ ಆಯಿಲನ್ನು ತೊಳೆದುಬಿಡುತ್ತದೆ, ಸವೆತ ಜಾಸ್ತಿಯಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಇನ್ನೂ ಕಾಯುತ್ತದೆ. ಮಿಸ್ತ್ರಿ ಒಳ್ಳೆಯವನೇ ಇರಬಹುದು, ಈ ಒಂದು ವಿಷಯದಲ್ಲಿ ಅವನ ಮಾತು ಕೇಳಬೇಡಿ.

ಮೂರು, ಮಳೆಗಾಲ. ರಸ್ತೆ ಮೇಲೆ ನಿಂತ ನೀರಿಗೆ ಲಾರಿ ನುಗ್ಗಿಸಿ ಎಂಜಿನ್ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಳಿಯ ದಾರಿಯಲ್ಲಿ ನೀರು ಸಿಲಿಂಡರಿಗೆ ಹೋಗಿದ್ದರೆ, ಆ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಾಝಲ್ ತೆಗೆಸಿ ನೀರು ಹೊರಹಾಕಿದ ಮೇಲೆಯೇ ತಿರುಗಿಸಬೇಕು.

ಬಿಚ್ಚುವ ಮಾತು ಬೇರೆ, ಕಟ್ಟುವ ಮಾತು ಬೇರೆ

ಮಿಸ್ತ್ರಿಯ ಜೊತೆ ಒಪ್ಪಂದವನ್ನು ಎರಡು ಕಂತಿನಲ್ಲಿ ಮಾಡಿಕೊಳ್ಳಿ. ಬಿಚ್ಚಿ, ತೊಳೆದು, ಅಳತೆ ತೆಗೆಯುವುದಕ್ಕೆ ಇಷ್ಟು. ಅಳತೆ ನೋಡಿದ ಮೇಲೆ ಕಟ್ಟುವುದಕ್ಕೆ ಬೇರೆ. ಮೊದಲೇ "ಎಲ್ಲಾ ಸೇರಿ ಇಷ್ಟು" ಎಂದು ಗುತ್ತಿಗೆ ಮಾತಾಡಿದರೆ, ಕ್ರ್ಯಾಂಕಿನಲ್ಲಿ ಬಿರುಕು ಕಂಡರೂ ಕಾಣದಂತೆ ಕಟ್ಟುವ ಆಸೆ ಯಾರಿಗೂ ಬರಬಹುದು. ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್ ಕೆಲಸ ನಮ್ಮ ಕಡೆಯಿಂದ ಹೆಚ್ಚಾಗಿ ಹುಬ್ಬಳ್ಳಿಗೆ ಹೋಗುತ್ತದೆ. ಸಾಧ್ಯವಾದರೆ ಅಲ್ಲಿಗೆ ನೀವೇ ಒಮ್ಮೆ ಹೋಗಿಬನ್ನಿ. ಅಳತೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಬನ್ನಿ.

ಹೆಡ್ ತೆಗೆದಾಗ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಲೈನರಿನ ಒಳಗೋಡೆಗೆ ಉಗುರು ಒತ್ತಿ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ತುದಿಯಿಂದ ಸ್ವಲ್ಪ ಕೆಳಗೆ, ಮೇಲಿನ ರಿಂಗ್ ತಿರುಗುವ ಜಾಗದಲ್ಲಿ ಉಗುರು ಟಕ್ಕನೆ ಸಿಕ್ಕಿಬಿದ್ದರೆ ಅಲ್ಲೊಂದು ಮೆಟ್ಟಿಲಾಗಿದೆ. ಅದರ ಕೆಳಗಿನ ಭಾಗವೆಲ್ಲ ಸವೆದಿದೆ. ಹೋನಿಂಗಿನ ಅಡ್ಡಗೆರೆ ಇನ್ನೂ ಕಾಣುತ್ತಿದ್ದರೆ ಲೈನರ್ ಚೆನ್ನಾಗಿದೆ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಆಯಿಲ್ ನಿಲ್ಲಲು ಜಾಗವಿಲ್ಲ. ಉಗುರಿನದ್ದು ಅಂದಾಜು ಮಾತ್ರ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದದ್ದೇ ಲೆಕ್ಕ.

ಇಲ್ಲಿ ಎಂಜಿನ್ನಿನ ಜಾತಿ ಮುಖ್ಯ. ಲೈನರ್ ಇರುವ ಎಂಜಿನ್ನಾದರೆ ಹಳೇ ಲೈನರ್ ಕಿತ್ತು ಹೊಸ ಲೈನರ್, ಪಿಸ್ಟನ್, ರಿಂಗ್ ಸೆಟ್ ಕೂರಿಸುತ್ತಾರೆ. ಟಾಟಾ 697 ಆದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್. 497 ಆದರೆ ಅದೇ ಬೋರಿನ ನಾಲ್ಕು ಸಿಲಿಂಡರ್. ಹೊಸದರ ಅಳತೆ ಹೆಸರಿನಲ್ಲೇ ಇದೆ. ಕಮಿನ್ಸ್ ಬಿ ಸರಣಿಯ 5.9 ಲೀಟರ್ ಎಂಜಿನ್ನಿಗೆ ಲೈನರ್ ಇಲ್ಲ. ಬ್ಲಾಕಿನ ಲೋಹದಲ್ಲೇ 102 ಮಿ.ಮೀ. ಬೋರ್ ಕೊರೆದಿರುತ್ತಾರೆ. ಸವೆದರೆ ಬೋರಿಂಗ್ ಮಾಡಿ 0.5 ಮಿ.ಮೀ., ಆಮೇಲೆ 1 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಅದೂ ಮುಗಿದಿದ್ದರೆ ಸ್ಲೀವ್ (ಬೋರಿನೊಳಗೆ ಕೂರಿಸುವ ಕೊಳವೆ) ಹೊಡೆಸಬೇಕು. ಇಂಥ ಬ್ಲಾಕಿನಲ್ಲಿ ಹಿಂದೆ ಎಷ್ಟು ಸಲ ಬೋರಿಂಗ್ ಆಗಿದೆ ಎಂದು ತಿಳಿಯದೆ ರೇಟ್ ಮಾತಾಡಿ ಪ್ರಯೋಜನವಿಲ್ಲ. ಹಳೇ ಪಿಸ್ಟನ್ನಿನ ತಲೆ ಒರೆಸಿ ನೋಡಿ. ಓವರ್‌ಸೈಜ್ ಇದ್ದರೆ ಸಾಮಾನ್ಯವಾಗಿ ಅಲ್ಲೇ ಗುರುತು ಇರುತ್ತದೆ.

ಕ್ರ್ಯಾಂಕಿನದ್ದೂ ಇದೇ ಕಥೆ, ತಿರುಗಾಮುರುಗಾ. ಗ್ರೈಂಡಿಂಗ್ ಮಾಡಿದಷ್ಟೂ ಸಣ್ಣದಾಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಹತ್ತು ಸೈಜ್, ಇಪ್ಪತ್ತು ಸೈಜ್, ಮೂವತ್ತು ಸೈಜ್. ಅಂದರೆ ಸುಮಾರು 0.25, 0.50, 0.75 ಮಿ.ಮೀ. ಕಡಿಮೆ. ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನು ಕಂಪನಿ ಹೇಳಿರುತ್ತದೆ. ಮೇಲ್ಮೈ ಗಟ್ಟಿ ಮಾಡಿದ ಪದರ ಮುಗಿದ ಮೇಲೆ ಗ್ರೈಂಡಿಂಗ್ ಮಾಡಿಸಿದರೆ ಕ್ರ್ಯಾಂಕ್ ಬಹಳ ದಿನ ಬಾಳುವುದಿಲ್ಲ. ಗ್ರೈಂಡಿಂಗಿಗೆ ಮೊದಲು ಬಿರುಕಿನ ಪರೀಕ್ಷೆ ಮಾಡಿಸಿ. ಬಿರುಕಿದ್ದರೆ ಅದಕ್ಕೆ ಮದ್ದಿಲ್ಲ.

ಬೇರಿಂಗ್ ಸುತ್ತಿ ಬ್ಲಾಕಿನ ಗೂಡೇ ಕೆರೆದಿದ್ದರೆ, ರಾಡ್ ಮುರಿದು ಬ್ಲಾಕ್ ಒಡೆದಿದ್ದರೆ, ಎರಡು ಬೋರಿನ ನಡುವೆ ಬಿರುಕಿದ್ದರೆ, ಕ್ರ್ಯಾಂಕೂ ಕೊನೇ ಸೈಜ್ ದಾಟಿದ್ದರೆ, ಎಂಜಿನ್ ಬದಲಿಸುವುದೇ ಸರಿ. ಬ್ಲಾಕ್ ಗಟ್ಟಿಯಾಗಿದ್ದು ಕ್ರ್ಯಾಂಕಿಗೆ ಇನ್ನೂ ಒಂದೆರಡು ಸೈಜ್ ಉಳಿದಿದ್ದರೆ ಕಟ್ಟಿಸಿ. ನಡುವಿನ ಸ್ಥಿತಿಗೆ ಮುಂದಿನ ಲೆಕ್ಕ.

ಇರುವ ದಾರಿಗಳು

ಹಾಫ್ ಕೆಲಸ ಅಂದರೆ ಕ್ರ್ಯಾಂಕ್ ತೆಗೆಯದೆ ಹೆಡ್ಡು, ರಿಂಗು, ಬಿಗ್ ಎಂಡ್ ಬೇರಿಂಗ್ ಮಾತ್ರ. ಆರೇಳು ತಿಂಗಳಲ್ಲಿ ಗಾಡಿ ಮಾರುವವರಿಗೆ ಸರಿ. ಉಳಿದವರು ಇದಕ್ಕೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಸವೆದ ಲೈನರಿಗೆ ಹೊಸ ರಿಂಗ್ ಹಾಕಿದರೆ ಅದು ಕೂರುವುದಿಲ್ಲ.

ಫುಲ್ ಕೆಲಸದಲ್ಲಿ ಬರೀ ಪಿಸ್ಟನ್, ಬೇರಿಂಗ್ ಅಲ್ಲ. ಆಯಿಲ್ ಪಂಪ್, ವಾಟರ್ ಪಂಪ್, ಕ್ಯಾಮ್ ಬುಷ್, ಹೆಡ್ ಪ್ರೆಷರ್ ಟೆಸ್ಟ್, ಡೀಸೆಲ್ ಪಂಪ್ ಕ್ಯಾಲಿಬ್ರೇಷನ್, ನಾಝಲ್, ರೇಡಿಯೇಟರ್ ರಾಡಿಂಗ್ ಎಲ್ಲವೂ ಚೀಟಿಯಲ್ಲಿ ಇದೆಯಾ ನೋಡಿ. ಬೇರಿಂಗ್ ಪುಡಿಯಾಗಿ ಹೋದ ಎಂಜಿನ್ನಾದರೆ ಆಯಿಲ್ ಕೂಲರ್ ಹೊಸದೇ ಹಾಕಿಸಿ. ಅದರ ಸಂದಿಯಲ್ಲಿ ಕೂತ ಲೋಹದ ಚೂರು ಎಷ್ಟು ತೊಳೆದರೂ ಬರುವುದಿಲ್ಲ. ಬ್ಲಾಕಿನ ಆಯಿಲ್ ದಾರಿಯ ಪ್ಲಗ್ಗುಗಳನ್ನು ತೆಗೆದು ಬ್ರಷ್ ಹಾಕಿ ತೊಳೆದರಾ ಎಂದೂ ಕೇಳಿ. ಹಳೇ ಪಾರ್ಟುಗಳನ್ನು ಗೋಣಿಚೀಲದಲ್ಲಿ ನಿಮಗೇ ವಾಪಸ್ ಕೊಡಬೇಕು.

ಮೂರನೆಯದು ಕಂಪನಿಯೇ ಮತ್ತೆ ಕಟ್ಟಿಕೊಡುವ ರೀಕಂಡೀಷನ್ ಎಂಜಿನ್. ನಿಮ್ಮ ಹಳೆಯದನ್ನು ಕೊಟ್ಟು ಅದನ್ನು ತರುವುದು. ಟಾಟಾದವರ ಪ್ರೊಲೈಫ್ ಇಂಥದ್ದು. ಗಾಡಿ ನಿಲ್ಲುವ ದಿನ ಕಡಿಮೆ, ವಾರಂಟಿ ಇರುತ್ತದೆ. ಆದರೆ ಹಳೇ ಬ್ಲಾಕ್ ಒಡೆದಿದ್ದರೆ ಬದಲಿಗೆ ತೆಗೆದುಕೊಳ್ಳುತ್ತಾರಾ, ದರದಲ್ಲಿ ಪಂಪ್, ಟರ್ಬೊ, ಕಂಪ್ರೆಸರ್ ಸೇರಿವೆಯಾ ಎಂದು ಮೊದಲೇ ಬರೆಸಿಕೊಳ್ಳಿ.

ನಾಲ್ಕನೆಯದು ಗುಜರಿಯ ಎಂಜಿನ್. ಅಗ್ಗ ಅನ್ನಿಸುತ್ತದೆ. ಆದರೆ ಮುಳುಗಿದ ಗಾಡಿಯದ್ದೋ, ಕದ್ದ ಗಾಡಿಯದ್ದೋ ಹೊರಗಿನಿಂದ ಗೊತ್ತಾಗುವುದಿಲ್ಲ. ಹೊಸ ಬಣ್ಣ ಬಳಿದ ಎಂಜಿನ್ ಕಂಡರೆ ಹುಷಾರಾಗಿರಿ. ಸಂಪ್ ಬಿಚ್ಚಿ ಒಂದು ಬೇರಿಂಗ್ ಕ್ಯಾಪ್ ತೆಗೆದು ತೋರಿಸಲು ಒಪ್ಪದಿದ್ದರೆ ಬಿಟ್ಟು ಬನ್ನಿ. ಕಾಮನ್ ರೈಲ್ (ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಹಾಯಿಸುವ) ಎಂಜಿನ್ನಾದರೆ ನಿಮ್ಮ ಗಾಡಿಯ ಇಸಿಯು (ಆ ಕಂಪ್ಯೂಟರ್ ಪೆಟ್ಟಿಗೆ), ವೈರಿಂಗಿಗೆ ಹೊಂದುತ್ತದಾ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಬಿಎಸ್ 6 (ಹೊಗೆ ಮಾಲಿನ್ಯದ ನಿಯಮದ ಮಟ್ಟ) ಗಾಡಿಯವರು ಇನ್ನೂ ಜಾಗ್ರತೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಸೈಲೆನ್ಸರ್ ಕಡೆಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತದೆ, ಅದರ ಬೆಲೆ ಬೇರೆ ತೆರಬೇಕು.

ಲೆಕ್ಕ ಹಾಕುವ ಬಗೆ

ಒಟ್ಟು ಖರ್ಚು ನೋಡಬೇಡಿ, ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ನೋಡಿ. ಗಾಡಿ ನಿಂತ ದಿನಗಳ ನಷ್ಟವನ್ನೂ ಸೇರಿಸಿ. ಕೆಳಗಿನ ಅಂಕಿಗಳು ಬರೀ ಲೆಕ್ಕ ತೋರಿಸಲಿಕ್ಕೆ, ನಿಮ್ಮ ಕೊಟೇಷನ್ ಬಂದಾಗ ನಿಮ್ಮ ಅಂಕಿ ಹಾಕಿಕೊಳ್ಳಿ.

ಫುಲ್ ಕೆಲಸಕ್ಕೆ 2.5 ಲಕ್ಷ, 25 ದಿನ ಗಾಡಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 3,000 ಕೈಗೆ ಉಳಿಯುತ್ತಿದ್ದರೆ 75,000 ನಷ್ಟ. ಒಟ್ಟು 3.25 ಲಕ್ಷ. ರೀಕಂಡೀಷನ್ 4 ಲಕ್ಷ, 6 ದಿನ, 18,000 ನಷ್ಟ. ಒಟ್ಟು 4.18 ಲಕ್ಷ. ಮೊದಲನೆಯದು 3 ಲಕ್ಷ ಕಿ.ಮೀ., ಎರಡನೆಯದು 5 ಲಕ್ಷ ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 1.08 ರೂಪಾಯಿ ಮತ್ತು 84 ಪೈಸೆ. ರೀಕಂಡೀಷನ್ನೇ ಅಗ್ಗ, ಅಲ್ವಾ? ಆದರೆ ಮೂರು ವರ್ಷದಲ್ಲಿ ಗಾಡಿ ಕೊಡುವ ಯೋಚನೆಯಿದ್ದು, ಒಟ್ಟು 1.2 ಲಕ್ಷ ಕಿ.ಮೀ. ಮಾತ್ರ ಓಡಿಸುವುದಾದರೆ 2.71 ಮತ್ತು 3.48. ಲೆಕ್ಕ ತಿರುಗಿಬಿತ್ತು.

ಹಾಗಾಗಿ ಎಂಜಿನ್ ಬಗ್ಗೆ ಯೋಚಿಸುವ ಮೊದಲು ಚಾಸಿ ಕೆಳಗೆ ಹೋಗಿ ನೋಡಿ. ಮೀನು ಹೊತ್ತ ಲಾರಿಗಳಲ್ಲಿ ಐಸ್ ಕರಗಿದ ಉಪ್ಪುನೀರು ಸುರಿದು ಕ್ರಾಸ್ ಮೆಂಬರು, ಸ್ಪ್ರಿಂಗ್ ಬ್ರಾಕೆಟ್ಟು ತಿಂದುಹೋಗಿರುತ್ತವೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಪದರ ಪದರವಾಗಿ ಉದುರುತ್ತಿದ್ದರೆ ಅದರ ಮೇಲೆ 4 ಲಕ್ಷದ ಎಂಜಿನ್ ಕೂರಿಸಬೇಡಿ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಮಾಡಿಸಬೇಕು, ಗಾಡಿಗೆ ವಯಸ್ಸಾದಂತೆ ಶುಲ್ಕವೂ ಏರುತ್ತದೆ. ಅದನ್ನೂ ಇದೇ ಕಾಗದದ ಮೇಲೆ ಬರೆದುಕೊಳ್ಳಿ.

ದಿನಗಳ ನಷ್ಟ ಕಡಿಮೆ ಮಾಡುವ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕಾರವಾರ, ಅಂಕೋಲಾ, ಹೊನ್ನಾವರದ ಮೀನಿನ ಲಾರಿಗಳಿಗೆ ಆಗ ಹೇಗೂ ಬಾಡಿಗೆ ಕಡಿಮೆ. ಮಳೆಗೆ ಚಿರೆಕಲ್ಲಿನ ಕೆಲಸವೂ ನಿಂತಿರುತ್ತದೆ. ಮೇ ಕೊನೆಗೇ ಗ್ಯಾರೇಜಿನಲ್ಲಿ ಜಾಗ ಹೇಳಿಟ್ಟರೆ 25 ದಿನ ನಿಂತರೂ ಹೊಟ್ಟೆ ಉರಿಯುವುದಿಲ್ಲ. ಶಿರಸಿ ಕಡೆ ಅಡಿಕೆ ಹೊರುವವರು ಕೊಯ್ಲಿನ ತಿಂಗಳುಗಳನ್ನು ಬಿಟ್ಟು ನೋಡಿಕೊಳ್ಳಿ.

ಬದಲಿಸಿದರೆ ಕಾಗದ

ಎಂಜಿನ್ ನಂಬರ್ ಆರ್‌ಸಿಯಲ್ಲಿ ಇದೆ. ಎಂಜಿನ್ ಬದಲಾದರೆ ನಂಬರೂ ಬದಲಾಗುತ್ತದೆ. ಮೊದಲೇ ಆರ್‌ಟಿಒ ಒಪ್ಪಿಗೆ ತೆಗೆದುಕೊಳ್ಳುವುದು ಒಳ್ಳೆಯದು. ಒಪ್ಪಿಗೆಯಿಲ್ಲದೆ ಬದಲಿಸಿದ್ದರೆ 14 ದಿನದೊಳಗೆ ತಿಳಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಕೆಎ 30ರವರು ಕಾರವಾರಕ್ಕೆ, ಕೆಎ 31ರವರು ಶಿರಸಿಗೆ ಹೋಗಬೇಕು. ಎಂಜಿನ್ನಿನ ಬಿಲ್ ಬೇಕು, ಸಾಲ ಇದ್ದರೆ ಫೈನಾನ್ಸಿನವರ ಒಪ್ಪಿಗೆ ಪತ್ರ ಬೇಕು. ಇನ್ಶೂರೆನ್ಸ್ ಪಾಲಿಸಿಯಲ್ಲೂ ನಂಬರ್ ತಿದ್ದಿಸಿ. ಅಪಘಾತವಾದ ಮೇಲೆ ಸರ್ವೇಯರ್ ಮೊದಲು ನೋಡುವುದು ಅದನ್ನೇ. ಹಳೇ ಗಾಡಿಗಿಂತ ಕೆಳಗಿನ ಬಿಎಸ್ ಮಟ್ಟದ ಎಂಜಿನ್ ಕೂರಿಸಲು ಹೋಗಬೇಡಿ. ಕಟ್ಟಿಸುವವರಿಗೆ ಬ್ಲಾಕೂ ಅದರ ಮೇಲಿನ ನಂಬರೂ ಅದೇ ಇರುವುದರಿಂದ ಈ ಓಡಾಟ ಯಾವುದೂ ಇಲ್ಲ. ನನ್ನ ಮಟ್ಟಿಗೆ ಕಟ್ಟಿಸುವುದರ ಪರವಾಗಿ ಅದೂ ಒಂದು ಮಾತು.

ಕೂರಿಸಿದ ಮೇಲೆ

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ, ಡೀಸೆಲ್ ಹೋಗದಂತೆ ಮಾಡಿ ಸೆಲ್ಫ್ ತಿರುಗಿಸಿ ಆಯಿಲ್ ಪ್ರೆಷರ್ ಬರಿಸಬೇಕು. ಒಂದೇ ಸಲ ಉದ್ದಕ್ಕೆ ತಿರುಗಿಸಬೇಡಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲವಾದರೆ ಸೆಲ್ಫ್ ಮೋಟಾರ್ ಸುಡುತ್ತದೆ. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವ ಹಳೇ ಪದ್ಧತಿ ಬೇಡ. ಲೋಡ್ ಇಲ್ಲದೆ ರಿಂಗ್ ಕೂರುವುದಿಲ್ಲ, ಲೈನರ್ ಹೊಳಪಾಗಿಬಿಡುತ್ತದೆ. ಹಾಗಂತ ಮರುದಿನವೇ ಫುಲ್ ಲೋಡಿನಲ್ಲಿ ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಹತ್ತಿಸಬೇಡಿ. ಮೊದಲ ಸಾವಿರ ಕಿಲೋಮೀಟರ್ ಕಾರವಾರದಿಂದ ಭಟ್ಕಳದ ಕಡೆಗೆ ಹೆದ್ದಾರಿ 66ರಲ್ಲಿ ಅರ್ಧ ಲೋಡ್ ಹಾಕಿ ಓಡಿಸಿ. ವೇಗ ಏರಿಸಿ ಇಳಿಸಿ ಓಡಿಸಿ, ಒಂದೇ ಆಕ್ಸಿಲರೇಟರಿನಲ್ಲಿ ಬಿಡಬೇಡಿ. ಪ್ರತಿ ಟ್ರಿಪ್ಪಿಗೂ ಆಯಿಲ್, ಕೂಲಂಟ್ ಮಟ್ಟ ನೋಡಿ. ಹೆಡ್ ಬೋಲ್ಟನ್ನು ಮತ್ತೆ ಬಿಗಿ ಮಾಡಬೇಕಾ ಬೇಡವಾ ಎಂದು ಮ್ಯಾನುವಲ್ ನೋಡಿಯೇ ಮಾಡಿಸಿ, ಕೆಲವು ಎಂಜಿನ್ನುಗಳಲ್ಲಿ ಅದನ್ನು ಮುಟ್ಟಲೇಬಾರದು.

ಸಾವಿರ ಕಿಲೋಮೀಟರಿನ ಸುಮಾರಿಗೆ ಆಯಿಲ್, ಫಿಲ್ಟರ್ ಬದಲಿಸಿ. ಆ ಫಿಲ್ಟರನ್ನೂ ಕೊಯ್ದು ನೋಡಿ. ಸಣ್ಣ ಬೂದು ಪುಡಿ ಇದ್ದರೆ ರಿಂಗ್ ಕೂತ ಗುರುತು, ಹೆದರಬೇಡಿ. ತಾಮ್ರದ ಬಣ್ಣ ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ವಾರಂಟಿ ಚೀಟಿ ಹಿಡಿದು ಕಟ್ಟಿದವರಿಗೆ ಫೋನ್ ಮಾಡಿ.